ಲೈಸೆನ್ಸಿದ್ದ ಮಗಳು

ಅಲಬಾಮಾದ ಟಲ್ಲೋಸಾದಲ್ಲಿ ನಮ್ಮ ಕಪ್ಪು ಜನರ ಪೈಕಿ ಯಾರಾದರೂ ತೀರಿಕೊಂಡರೆ ಮೊದಲು ಪಾದ್ರಿಗೆ ಹೇಳಿಕಳಿಸುತ್ತಿದ್ದರು, ಆಮೇಲೆ ಹೆಣ ತೊಳೆದು ಸಿಂಗರಿಸಿ ಮಣ್ಣಿಗೆ ಕಳಿಸುವ ಸ್ಟಾಲ್‌ವರ್ತ್ ಮನೆಗೆ. ದುಃಖದಲ್ಲಿ ಪಾದ್ರಿಯನ್ನು ಮರೆತವರುಂಟು, ಸ್ಟಾಲ್‌ವರ್ತ್ ಮನೆಯನ್ನು ಮರೆತವರಿಲ್ಲ. ರೈಲು ಹಳಿಯ ಆಚೆ ಬಿಳಿಯರ ಅಂತ್ಯಸಂಸ್ಕಾರದ ಮನೆಯೊಂದಿತ್ತು. ಒಂದು ಕಾಲದಲ್ಲಿ ಅವರು ನಮ್ಮ ಹೆಣ ಮುಟ್ಟುತ್ತಿರಲಿಲ್ಲ. ಮುಂದೆ ಮುಟ್ಟುತ್ತೇವೆ ಎಂದರು, ಆದರೆ ಅಷ್ಟರಲ್ಲಿ ನಮ್ಮವರಿಗೇ ಅವರ ಕೈ ಬೇಡವಾಗಿತ್ತು. ಹಾಗಾಗಿ ಊರಿನ ಅರ್ಧ ಭಾಗದ ಸಾವೆಲ್ಲ ಆ ಒಂದು ಮನೆಯ ಪಾಲು.

ಬಾಗಿಲ ಮೇಲಿನ ಫಲಕದಲ್ಲಿ ‘ಸ್ಟಾಲ್‌ವರ್ತ್ ಮತ್ತು ಪುತ್ರರು’ ಎಂದು ಬರೆದಿತ್ತು. ಪುತ್ರರು ಇಬ್ಬರಿದ್ದದ್ದು ನಿಜ. ದೊಡ್ಡವನು ಸೈನ್ಯ ಸೇರಿ ಜರ್ಮನಿಗೆ ಹೋದವನು ಅಲ್ಲೇ ಮದುವೆಯಾಗಿ ನಿಂತ. ಚಿಕ್ಕವನು ಮೊದಲ ಸಲ ಹೆಣದ ಕಾಲು ಹಿಡಿದಾಗಲೇ ಎಚ್ಚರ ತಪ್ಪಿ ಬಿದ್ದು, ಎದ್ದ ಮೇಲೆ ಮಿಶಿಗನ್ನಿನ ಕಾರು ಕಾರ್ಖಾನೆಯ ದಾರಿ ಹಿಡಿದ. ಉಳಿದವಳು ಫಲಕದಲ್ಲಿ ಹೆಸರಿಲ್ಲದ ಮಗಳು, ಆರ್ಡೀಲಿಯಾ. ತಾಯಿ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು.

ತಂದೆ ಲಿಯಾಂಡರ್ ಸ್ಟಾಲ್‌ವರ್ತ್ ಊರಿನಲ್ಲಿ ಗೌರವಸ್ಥರು. ಸೆಖೆಗಾಲದಲ್ಲೂ ಕೋಟು ಬಿಚ್ಚಿದವರಲ್ಲ. ಅವರ ಬೆನ್ನು ನೋವು ಜಾಸ್ತಿಯಾದ ವರ್ಷ ಆರ್ಡೀಲಿಯಾಳಿಗೆ ಇಪ್ಪತ್ತು ದಾಟಿತ್ತಷ್ಟೆ. “ಒಂದೆರಡು ವರ್ಷ ಮಗಾ, ನಂಗೊಂದು ಆಸರೆ ಆಗ್ಲಿ ಅಂತ,” ಎಂದರು. ಅವಳು ಓದಿ, ಪರೀಕ್ಷೆ ಬರೆದು, ಶವಸಂಸ್ಕಾರ ನಡೆಸುವ ಲೈಸೆನ್ಸು ತೆಗೆದುಕೊಂಡಳು. ತಂದೆ ಅದಕ್ಕೆ ಚೌಕಟ್ಟು ಹಾಕಿಸಿ ಮುಂದಿನ ಕೋಣೆಯಲ್ಲಿ ತಮ್ಮ ಲೈಸೆನ್ಸಿನ ಪಕ್ಕದಲ್ಲಿ ತೂಗು ಹಾಕಿದರು. ಬಂದವರಿಗೆಲ್ಲ ತೋರಿಸುತ್ತಿದ್ದರು. ಅವಳಿಗೂ ಆಗ ಹೆಮ್ಮೆಯೇ ಆಗಿತ್ತು.

ಒಂದೆರಡು ವರ್ಷ ಆರೇಳಾಯಿತು. ಕಡೆಗೊಂದು ದಿನ ಊಟದ ಮೇಜಿನಲ್ಲಿ, “ಅಪ್ಪ, ನಾನು ಲಾ ಓದೋಕೆ ಹೋಗ್ತೀನಿ, ಸೀಟು ಸಿಕ್ಕಿದೆ,” ಎಂದಳು. ತಂದೆ ಬಹಳ ಹೊತ್ತು ಸೊಪ್ಪಿನ ಪಲ್ಯ ಅಗಿದು, “ಶನಿವಾರ, ಭಾನುವಾರ ಬರ್ತೀಯಲ್ಲ?” ಎಂದರಂತೆ. ಬರುತ್ತೇನೆ ಎಂದಳು. ಅಷ್ಟರ ಮಟ್ಟಿಗೆ ಬಿಡುಗಡೆ ಸಿಕ್ಕಿತು.

ನಾನು ಅವಳನ್ನು ಕಂಡದ್ದು ಆ ವರ್ಷ, ಕಾಲೇಜಿನ ನೆಲಮಾಳಿಗೆಯಲ್ಲಿ. ನನ್ನ ಹೆಸರು ವಿನಿಫ್ರೆಡ್ ಗೇನ್ಸ್. ನಾನೂ ಅಲಬಾಮಾದವಳೇ. ಆ ದೊಡ್ಡ ಕಟ್ಟಡದಲ್ಲಿ ನಮ್ಮ ವರ್ಷದ ಕಪ್ಪು ವಿದ್ಯಾರ್ಥಿಗಳೆಲ್ಲ ಸೇರಿದರೂ ಒಂದು ಊಟದ ಮೇಜು ತುಂಬುತ್ತಿರಲಿಲ್ಲ. ಕಡಲ ಕೊಲ್ಲಿಗೆ ಹೊಂದಿಕೊಂಡ ಸುತ್ತಲಿನ ರಾಜ್ಯಗಳ ಕಾಲೇಜುಗಳಲ್ಲೂ ಅದೇ ಪಾಡು. ಆ ಅರ್ಧರ್ಧ ಮೇಜುಗಳನ್ನೆಲ್ಲ ಜೋಡಿಸಿ ಮಾಡಿದ್ದೇ ‘ಕೊಲ್ಲಿ ಸೀಮೆಯ ಕಪ್ಪು ಕಾನೂನು ವಿದ್ಯಾರ್ಥಿಗಳ ಸಂಘ’. ನಾವು ಬರೀ ಸಂಘ ಎನ್ನುತ್ತಿದ್ದೆವು. ಯಾವ ಮೇಷ್ಟ್ರು ನಾವು ಕೈಯೆತ್ತಿದರೂ ನೋಡುವುದಿಲ್ಲ, ಸಂದರ್ಶನಕ್ಕೆ ಯಾರ ಕೋಟು ಯಾರಿಗೆ ಸರಿಹೋಗುತ್ತದೆ, ಬೇರೆ ಊರಿಗೆ ಹೋದರೆ ಯಾರ ಮನೆಯ ಸೋಫಾ ಖಾಲಿ ಇದೆ, ಹಿಂದಿನ ವರ್ಷದವರ ಟಿಪ್ಪಣಿ ಯಾರ ಹತ್ತಿರ ಇದೆ, ಎಲ್ಲ ಸಂಘದಿಂದಲೇ ತಿಳಿಯಬೇಕು. ಅದಿಲ್ಲದಿದ್ದರೆ ನನ್ನಂಥವಳು ಮೊದಲ ಚಳಿಗಾಲಕ್ಕೇ ಗಂಟು ಕಟ್ಟಿ ಮನೆಗೆ ಹೋಗುತ್ತಿದ್ದಳು.

ಸಂಘದ ಅಧ್ಯಕ್ಷ ಥ್ಯಾಡಿಯಸ್ ಬಾಯ್ಕಿನ್ ಲೂಸಿಯಾನಾದವನು. ಮಾತಿನ ಮಲ್ಲ. ಅವತ್ತು ನಮ್ಮ ಕಾಲೇಜಿಗೆ ಬಂದು ಹೊಸಬರನ್ನೆಲ್ಲ ಕೂರಿಸಿ, ಒಬ್ಬೊಬ್ಬರಾಗಿ ಪರಿಚಯ ಹೇಳಿಕೊಳ್ಳಿ ಎಂದ. ಹಿಂದಿನ ಸಾಲಿನಿಂದ ನೀಲಿ ಉಡುಪಿನ ಉದ್ದನೆಯ ಹುಡುಗಿ ಎದ್ದು ನಿಂತಳು.

“ನಾನು ಆರ್ಡೀಲಿಯಾ. ನಮ್ಮ ಮನೇಲಿ ಹೆಣ ನೋಡ್ಕೋತೀವಿ.”

ಕೋಣೆ ತಣ್ಣಗಾಯಿತು. ಥ್ಯಾಡಿಯಸ್ ಒಬ್ಬನೇ ಸುಧಾರಿಸಿಕೊಂಡು, “ಒಳ್ಳೇದಾಯ್ತು ಕಣಮ್ಮ. ಮೊದಲನೇ ಪರೀಕ್ಷೆ ಮುಗೀತಿದ್ದ ಹಾಗೆ ನಾವೆಲ್ಲ ನಿಮ್ಮ ಮನೆಗೇ ಬರ್ತೀವಿ,” ಎಂದ.

“ಬನ್ನಿ. ಅಳತೆ ಮಾತ್ರ ಈಗ್ಲೇ ಕೊಟ್ಟಿರಿ. ನಿಮ್ಮ ಸೈಜಿನ ಪೆಟ್ಟಿಗೆ ಹೇಳಿ ಮಾಡಿಸ್ಬೇಕಾಗುತ್ತೆ.”

ಥ್ಯಾಡಿಯಸ್ಸನ ಹೊಟ್ಟೆ ಆಗಲೇ ಪ್ರಸಿದ್ಧವಾಗಿತ್ತು. ಅವನೇ ಎಲ್ಲರಿಗಿಂತ ಜೋರಾಗಿ ನಕ್ಕ. ಅವತ್ತಿನಿಂದ ಅವಳು ನಮಗೆ ಡೀಲಿಯಾ ಆದಳು.

ಸಂಘ ಪ್ರತಿ ವಸಂತದಲ್ಲೂ ಅಣಕು ನ್ಯಾಯಾಲಯದ ಸ್ಪರ್ಧೆ ನಡೆಸುತ್ತಿತ್ತು. ನಿಜವಾದ ನ್ಯಾಯಾಧೀಶರೇ ಬಂದು ಕೂರುತ್ತಿದ್ದರು. ಗೆದ್ದವರಿಗೆ ಒಳ್ಳೆಯ ವಕೀಲರ ಕಚೇರಿಗಳ ಬಾಗಿಲು ತಾನಾಗಿ ತೆರೆಯುತ್ತಿತ್ತು. ನಾನೂ ಡೀಲಿಯಾಳೂ ಜೋಡಿಯಾದೆವು. ಕಾನೂನು ನನಗೂ ಗೊತ್ತಿತ್ತು. ಆದರೆ ನ್ಯಾಯಾಧೀಶರು ಗದರಿದರೆ ನನ್ನ ಮಾತು ಓಟ ಕೀಳುತ್ತಿತ್ತು, ಅವಳ ಮಾತು ನಿಲ್ಲುತ್ತಿತ್ತು. ಎದುರಿನವರ ಸಿಟ್ಟು ಖಾಲಿಯಾಗುವವರೆಗೆ ಕಾದು, ತಗ್ಗಿದ ದನಿಯಲ್ಲಿ, ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದಲೇ ಎತ್ತಿಕೊಳ್ಳುತ್ತಿದ್ದಳು. ಅಳುವವರ ಮುಂದೆ ನಿಂತು ಕಲಿತ ವಿದ್ಯೆ ಅದು. “ಈ ಹುಡುಗಿ ಹುಟ್ಟಿದ್ದೇ ಕೋರ್ಟಿಗೆ,” ಎಂದು ಥ್ಯಾಡಿಯಸ್ ಊರೆಲ್ಲ ಸಾರಿಕೊಂಡು ಬಂದ.

ಎರಡನೆಯ ವರ್ಷದ ಶರತ್ಕಾಲದಲ್ಲಿ ಅವಳ ತಂದೆಗೆ ಲಕ್ವ ಹೊಡೆಯಿತು.

ಎಡಗೈ, ಎಡಗಾಲು ಬಿದ್ದುಹೋದವು. ಮಾತು ತೊದಲಿತು. ಬುದ್ಧಿ ಮಾತ್ರ ಕತ್ತಿಯ ಹಾಗೆ ಉಳಿಯಿತು. ಮನೆ ನಡೆಯಬೇಕಾದರೆ ಲೈಸೆನ್ಸು ಇರುವವರೊಬ್ಬರು ಜವಾಬ್ದಾರಿ ಹೊತ್ತು ಅಲ್ಲಿರಲೇಬೇಕು, ಅದು ಕಾನೂನು. ತಂದೆಯ ತಮ್ಮ ರೂಫಸ್ ಶವವಾಹನ ಓಡಿಸುತ್ತಿದ್ದರು, ಪೆಟ್ಟಿಗೆ ಹೊರುತ್ತಿದ್ದರು, ಸಮಾಧಿ ಅಗೆಸುತ್ತಿದ್ದರು. ಆದರೆ ಲೈಸೆನ್ಸಿನ ಪರೀಕ್ಷೆಗೆ ಕೂತಾಗಲೆಲ್ಲ ಡುಮ್ಕಿ. ಪ್ರಶ್ನೆಪತ್ರಿಕೆ ಕಂಡರೆ ತಮ್ಮ ಪೆನ್ನೇ ಬೆವರುತ್ತದೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಹೀಗೆ ಇಡೀ ಮನೆಯಲ್ಲಿ ಲೈಸೆನ್ಸಿದ್ದು ಎದ್ದು ಓಡಾಡುವವಳು ಆರ್ಡೀಲಿಯಾ ಒಬ್ಬಳೇ.

“ಅಪ್ಪ ಎದ್ದು ಕೂರೋವರೆಗೆ ಕಣೇ ವಿನ್ನಿ,” ಎಂದಳು ಫೋನಿನಲ್ಲಿ. ತಂದೆ ಎದ್ದು ಕೂತರು. “ಓಡಾಡೋವರೆಗೆ,” ಎಂದಳು. ತಂದೆ ಗಾಲಿಕುರ್ಚಿಯಿಂದ ಮೇಲೇಳಲಿಲ್ಲ. “ಕ್ರಿಸ್ಮಸ್ ಒಂದು ಕಳೀಲಿ,” ಎಂದಳು.

ಸಂಘ ಸುಮ್ಮನೆ ಕೂರಲಿಲ್ಲ. ಥ್ಯಾಡಿಯಸ್ ನಮ್ಮ ಡೀನರನ್ನು ಕಂಡು, ಅವಳು ಮನೆಯಲ್ಲೇ ಓದಿ ಪರೀಕ್ಷೆಗೆ ಬಂದು ಕೂರಲಿ ಎಂದು ಒಪ್ಪಿಸಿದ. ಪಾಠಗಳನ್ನೆಲ್ಲ ನಾವು ಟೇಪಿನಲ್ಲಿ ಹಿಡಿದೆವು. ವಾರದ ಕೊನೆಗೆ ಯಾರಾದರೂ ಟಲ್ಲೋಸಾಕ್ಕೆ ಕಾರು ಬಿಡುತ್ತಿದ್ದರು. ಮಿಸಿಸಿಪ್ಪಿಯ ಕಾಲೇಜಿನವರು, ಅವಳ ಮುಖವನ್ನೇ ನೋಡದವರು ಕೂಡ ಬಂದುಹೋದರು. ಓದಲು ಸದ್ದಿಲ್ಲದ ಜಾಗ ಎಂದರೆ ಮಾರಾಟದ ಶವಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿಟ್ಟ ಹಿಂದಿನ ಕೋಣೆ. ಅಲ್ಲೇ ಕುರ್ಚಿ ಹಾಕಿಕೊಂಡು ಸಂವಿಧಾನ ಓದಿದೆವು, ಒಬ್ಬರು ನ್ಯಾಯಾಧೀಶರಾಗಿ ಒಬ್ಬರು ವಕೀಲರಾಗಿ ಕೂಗಾಡಿದೆವು. ಒಂದು ಸಲ ರೂಫಸ್ ಬಾಗಿಲು ತೆರೆದು ಬೆಚ್ಚಿಬಿದ್ದರು.

“ಏಯ್, ಯಾರಪ್ಪ ನೀನು! ಆ ಬೂದು ಪೆಟ್ಟಿಗೆ ಮೇಲೆ ಕಾಫಿ ಇಟ್ಟಿದೀಯಲ್ಲ, ಅದು ಮಿಸ್ಟರ್ ಕೋಲ್ಮನ್‌ದು!”

ಮಿಸಿಸಿಪ್ಪಿಯ ಹುಡುಗ ಬಟ್ಟಲು ಎತ್ತಿಕೊಂಡು, “ಕ್ಷಮಿಸಿ ಅಂಕಲ್, ಖಾಲಿ ಅಂದ್ಕೊಂಡೆ,” ಎಂದ.

“ಈಗ ಖಾಲೀನೇ. ನಾಳೆ ಬರ್ತಾರೆ. ಕಲೆ ಆದ್ರೆ ಅವರ ಹೆಂಡ್ತಿಗೆ ಏನು ಹೇಳ್ಲಿ? ಸ್ವರ್ಗಕ್ಕೆ ಹೋಗೋ ದಾರೀಲಿ ಕಾಫಿ ಕುಡಿದ್ರು ಅಂತಲಾ?”

ನಗುತ್ತಿದ್ದೆವು. ಆ ಸಲದ ಪರೀಕ್ಷೆಯಲ್ಲಿ ಅವಳು ಪಾಸೂ ಆದಳು. ನಮಗೆಲ್ಲ ಗೆದ್ದಂತೆ ಅನಿಸಿತು. ಆದರೆ ನಾವು ಭಾನುವಾರ ಸಂಜೆ ಕಾರು ಹತ್ತಿ ಹೊರಡುತ್ತಿದ್ದೆವು, ಅವಳು ಹಿತ್ತಲ ಮೆಟ್ಟಿಲ ಮೇಲೆ ನಿಂತು ಕೈಬೀಸುತ್ತಿದ್ದಳು.

ಒಂದು ಮಧ್ಯಾಹ್ನ ನಾನೊಬ್ಬಳೇ ಹೋಗಿದ್ದೆ. ಸೆಖೆ ಕುದಿಯುತ್ತಿತ್ತು. ಬೀದಿಯ ತುದಿಯಲ್ಲಿ ಐಸ್‌ಕ್ರೀಮ್ ಅಂಗಡಿ ಇತ್ತು. “ಬಾರೇ, ತಿಂದು ಬರೋಣ,” ಎಂದೆ. ಅವಳು ಮೆಟ್ಟಿಲ ಮೇಲೆ ಷೂ ಬಿಚ್ಚಿಟ್ಟು ಕೂತಿದ್ದಳು.

“ಆಗಲ್ಲ ಕಣೇ. ಮಿಸ್ಟರ್ ಟಾಲಿವರ್ ಇವತ್ತೋ ನಾಳೆಯೋ ಅಂತಿದಾರೆ. ಅವರ ಮಗಳು ಯಾವ ಗಳಿಗೇಲಿ ಬರ್ತಾಳೋ.”

“ಚಿಕ್ಕಪ್ಪ ಇದಾರಲ್ಲ, ಒಂದು ನಿಮಿಷ ನೋಡ್ಕೋತಾರೆ.”

“ಬಂದವರು ಚಿಕ್ಕಪ್ಪನ ಹತ್ರ ಮಾತಾಡಲ್ಲ. ‘ಮಿಸ್ ಆರ್ಡೀಲಿಯಾ ಎಲ್ಲಿ?’ ಅಂತಾರೆ. ನಾನು ಬಾಯಲ್ಲಿ ಐಸ್‌ಕ್ರೀಮ್ ಇಟ್ಕೊಂಡು ಓಡಿ ಬರ್ಲಾ?” ಎಂದು ಪಾದ ಉಜ್ಜಿಕೊಂಡಳು. “ಈ ಮನೇಲಿ ಹೆಣಗಳೇ ವಾಸಿ ಕಣೇ. ಬರ್ತಾವೆ, ಹೋಗ್ತಾವೆ. ನಾನು ಮಾತ್ರ ಇಲ್ಲೇ.”

ನಗೆಮಾತಿನ ಹಾಗೆ ಹೇಳಿದಳು. ನನಗೆ ನಗು ಬರಲಿಲ್ಲ.

ವಸಂತದಲ್ಲಿ ಸ್ಪರ್ಧೆ ಮಿಸಿಸಿಪ್ಪಿಯ ಜ್ಯಾಕ್ಸನ್ನಿನಲ್ಲಿತ್ತು. ಅವಳು ತಿಂಗಳುಗಟ್ಟಲೆ ಮೊದಲೇ ಪಕ್ಕದ ಕೌಂಟಿಯ ಹೋರೇಸ್ ಪರ್ವಿಸ್ ಎಂಬ ಮುದುಕರನ್ನು ಗೊತ್ತುಮಾಡಿಕೊಂಡಳು. ಅವರು ಕಸುಬಿನಿಂದ ನಿವೃತ್ತರಾಗಿದ್ದರೂ ಲೈಸೆನ್ಸು ಇಟ್ಟುಕೊಂಡಿದ್ದರು. ಸ್ಪರ್ಧೆ ಮುಗಿಯುವವರೆಗೆ ಬಂದು ಮನೆಯಲ್ಲಿರಲು ಒಪ್ಪಿದರು. ತಂದೆಯೂ ತಲೆಯಾಡಿಸಿದರು.

ಜ್ಯಾಕ್ಸನ್ನಿನ ಹೋಟೆಲಿನ ಬಾಗಿಲಲ್ಲಿ ಕಾರಿನಿಂದಿಳಿದಾಗ ಅವಳು ಒಂದು ಕ್ಷಣ ಸುಮ್ಮನೆ ನಿಂತಳು. “ಇಲ್ಲಿ ಯಾರಿಗೂ ನಾನ್ಯಾರು ಅಂತ ಗೊತ್ತಿಲ್ಲ ಅಲ್ವಾ?” ಎಂದಳು. ಅಷ್ಟು ಖುಷಿಯಲ್ಲಿ ಅವಳನ್ನು ನಾನು ಮತ್ತೆಂದೂ ನೋಡಲಿಲ್ಲ. ಸುತ್ತಿನ ಮೇಲೆ ಸುತ್ತು ಗೆದ್ದೆವು. ಶುಕ್ರವಾರದ ಸುತ್ತಿನಲ್ಲಿ ಒಬ್ಬ ನ್ಯಾಯಾಧೀಶರು, “ನೀವು ಹೇಳ್ತಿರೋದು ಕಾನೂನಲ್ಲ, ಕನಿಕರ,” ಎಂದು ಚುಚ್ಚಿದರು. ಅವಳು ಕಾದು, “ಹೌದು ಸ್ವಾಮಿ, ಕನಿಕರವೂ ಇದೆ. ಕಾನೂನು ಇಪ್ಪತ್ತನೇ ಪುಟದಲ್ಲಿದೆ, ತಾವು ಇನ್ನೂ ಅಲ್ಲಿಗೆ ಬಂದಿಲ್ಲ,” ಎಂದಳು. ನ್ಯಾಯಾಧೀಶರು ಪುಟ ತಿರುಗಿಸಿ ಓದಿ, ಕನ್ನಡಕದ ಮೇಲಿನಿಂದ ಅವಳನ್ನು ನೋಡಿ ನಕ್ಕರು. ನಾವು ಅಂತಿಮ ಸುತ್ತಿಗೆ ಬಂದೆವು. ಅದು ಮರುದಿನ, ಶನಿವಾರ ಬೆಳಿಗ್ಗೆ ಇತ್ತು.

ಕೋಣೆಗೆ ಬಂದು ಷೂ ಬಿಚ್ಚುವ ಮೊದಲೇ ಫೋನು ಬಂತು. ರೂಫಸ್.

“ಮಗಾ, ಬ್ಯಾಟಲ್ ತಾಯಮ್ಮ ಹೋಗ್ಬಿಟ್ರು.”

ಬ್ಯಾಟಲ್ ತಾಯಮ್ಮ ಎಂದರೆ ಅವರ ಚರ್ಚಿನ ಹಿರಿಯಜ್ಜಿ. ತಾಯಿಯಿಲ್ಲದ ಆರ್ಡೀಲಿಯಾಳ ಜಡೆ ಹೆಣೆದು ಶಾಲೆಗೆ ಕಳಿಸಿದವರು. ಡೀಲಿಯಾ ಮಂಚದ ಅಂಚಿನಲ್ಲಿ ಕೂತಳು.

“ಪರ್ವಿಸ್ ಅವರು ಇದಾರಲ್ಲ ಚಿಕ್ಕಪ್ಪ? ಮನೆಗೆ ತರ್ಸಿ. ನಾನು ನಾಳೆ ಮಧ್ಯಾಹ್ನ ಮುಗಿಸಿ ನೇರ ಬರ್ತೀನಿ. ಅವರ ತಲೆ ಮಾತ್ರ ನಾನೇ ಬಾಚ್ತೀನಿ ಅಂತ ಹೇಳಿ.”

ಆ ಕಡೆ ರೂಫಸ್ ಕೆಮ್ಮಿದರು.

“ಚಿಕ್ಕಪ್ಪಾ?”

“ಪರ್ವಿಸ್‌ನ ನಿಮ್ಮಪ್ಪ ಬೆಳಿಗ್ಗೇನೇ ಮನೆಗೆ ಕಳಿಸ್ಬಿಟ್ಟ ಕಣಮ್ಮ. ಅವನೋ ಮೀನು ಹಿಡಿಯೋಕೆ ಅಂತ ಹೊರಟ್ಹೋಗಿದಾನೆ, ಎಲ್ಲಿ ಅಂತ ಹುಡುಕ್ಲಿ? ತಾಯಮ್ಮ ಇನ್ನೂ ಮಗಳ ಮನೇಲೇ ಮಲಗಿದಾರೆ. ಸೆಖೆ ಬೇರೆ.”

ಅವಳು ಫೋನು ಇಟ್ಟು ಗೋಡೆ ನೋಡುತ್ತ ಕೂತಳು. ನಾನು ಥ್ಯಾಡಿಯಸ್ಸನನ್ನು ಕರೆದುಕೊಂಡು ಬಂದೆ. ಅವನು ಬಂದ ಕಾಲಿನಲ್ಲೇ ಹೋಗಿ ಎದುರು ತಂಡದವರನ್ನು ಕೇಳಿದ. ಅವನದೇ ಕಾಲೇಜಿನವರು. “ಈ ಸಂಜೆಯೇ ನಡೆಸಿ, ನಮಗೇನೂ ಅಭ್ಯಂತರವಿಲ್ಲ,” ಎಂದರು ಅವರು. ಆದರೆ ನ್ಯಾಯಾಧೀಶರು ಸಿಗಬೇಕಲ್ಲ. ಒಬ್ಬರು ಬೇರೆ ಊರಿನಿಂದ ಮರುದಿನ ಬೆಳಿಗ್ಗೆಯೇ ಬರುವವರಿದ್ದರು, ಇನ್ನೊಬ್ಬರು ಮಗಳ ಶಾಲೆಯ ನಾಟಕಕ್ಕೆ ಹೋಗಿದ್ದರು. ಥ್ಯಾಡಿಯಸ್ ಹೋಟೆಲಿನ ಫೋನಿನ ಮುಂದೆ ನಿಂತು ಬೆವರೊರೆಸಿಕೊಂಡು ಸಾಕಾಗಿ, “ಆಗ್ತಿಲ್ಲ ಡೀಲಿಯಾ,” ಎಂದ.

“ಹೋಗ್ಬೇಡ,” ಎಂದೆ ನಾನು. “ಅವರು ಬೇಕಂತ್ಲೇ ಮಾಡಿದಾರೆ. ಬೇರೆ ಯಾರನ್ನಾದ್ರೂ ಕರೀಲಿ. ಹಳಿ ಆಚೆಯವರನ್ನ ಕರೀಲಿ.”

“ಬ್ಯಾಟಲ್ ತಾಯಮ್ಮನ್ನ ಹಳಿ ಆಚೆಗೆ ಕಳಿಸ್ಲಾ?” ಎಂದಳು. ಸಿಟ್ಟಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ಅವಳು ಕೋರ್ಟಿನ ಉಡುಪಿನಲ್ಲೇ ಕಾರು ಹತ್ತಿದಳು. ಒಬ್ಬಳನ್ನೇ ಬಿಡಬಾರದೆಂದು ಥ್ಯಾಡಿಯಸ್ ತಾನೇ ಓಡಿಸಿಕೊಂಡು ಹೋದ.

ಮರುದಿನ ನಾನು ಬದಲಿ ಹುಡುಗನ ಜೊತೆ ನಿಂತು ವಾದಿಸಿದೆ. ಸೋತೆವು.

ತಾಯಮ್ಮನ ಸಂಸ್ಕಾರಕ್ಕೆ ನಾನೂ ಹೋದೆ. ಬಿಳೀ ಉಡುಪಿನಲ್ಲಿ ಮಲಗಿದ್ದ ಮುದುಕಿಯ ನೆರೆತ ಕೂದಲನ್ನು ಡೀಲಿಯಾ ಎರಡು ಜಡೆ ಹೆಣೆದು ಕಿರೀಟದ ಹಾಗೆ ಸುತ್ತಿದ್ದಳು. ಚರ್ಚಿನ ಹೆಂಗಸರೆಲ್ಲ ಬಗ್ಗಿ ನೋಡಿ, “ಎದ್ದು ಹಾಡು ಹೇಳೋ ಹಾಗಿದಾರೆ,” ಎಂದು ಕಣ್ಣೊರೆಸಿಕೊಂಡರು. ಡೀಲಿಯಾ ಬಾಗಿಲ ಪಕ್ಕ ಕಪ್ಪು ಉಡುಪಿನಲ್ಲಿ, ಬಿಳೀ ಕೈಗವಸು ತೊಟ್ಟು, ಬಂದವರಿಗೆ ದಾರಿ ತೋರಿಸುತ್ತ ನಿಂತಿದ್ದಳು.

ಮಣ್ಣು ಮುಗಿದ ಮೇಲೆ ಮನೆಯ ಅಡಿಗೆಕೋಣೆಯಲ್ಲಿ ನಾವು ಮೂವರೇ ಉಳಿದೆವು, ಅವಳು, ನಾನು, ಗಾಲಿಕುರ್ಚಿಯಲ್ಲಿ ಅವಳ ತಂದೆ. ಮೇಜಿನ ತುಂಬ ಚರ್ಚಿನವರು ತಂದಿಟ್ಟ ಹುರಿದ ಕೋಳಿ, ಕೇಕು. ಯಾರೂ ಮುಟ್ಟಿರಲಿಲ್ಲ. ನಾನು ಎದ್ದು ಹೊರಗೆ ಹೋಗಬೇಕೆಂದುಕೊಂಡೆ. “ಕೂತ್ಕೋ,” ಎಂದಳು ಡೀಲಿಯಾ, ನನ್ನ ಕಡೆ ನೋಡದೆ.

“ಪರ್ವಿಸ್ ಅವರನ್ನ ಯಾಕೆ ಕಳಿಸಿದ್ರಿ ಅಪ್ಪ?”

“ಅವನ ಕೈ ನಡುಗುತ್ತೆ.”

“ಅಪ್ಪ.”

ಮುದುಕರು ಸರಿಯಿದ್ದ ಕೈಯಿಂದ ಕಾಫಿ ಬಟ್ಟಲನ್ನು ಒಂದು ಸುತ್ತು ತಿರುಗಿಸಿದರು. ತೊದಲು ಮಾತು. ಒಂದೊಂದು ಪದವನ್ನೂ ಭಾರ ಎತ್ತಿದ ಹಾಗೆ ಎತ್ತಬೇಕಿತ್ತು. “ನೀನು ಗೆದ್ರೆ ವಾಪಸ್ ಬರಲ್ಲ. ನಿಮ್ಮಣ್ಣನೂ ರಜೆಗೆ ಬರ್ತೀನಿ ಅಂತ್ಲೇ ಹೋಗಿದ್ದ.”

“ನಾನು ಅಣ್ಣ ಅಲ್ಲ. ಇಷ್ಟು ವರ್ಷ ಇದ್ದೀನಲ್ಲ ಅಪ್ಪ? ಎಲ್ಲಿ ಹೋದೆ? ಬೀದಿ ತುದಿಗೂ ಹೋಗಿಲ್ಲ.”

“ಈ ಊರಿನವರನ್ನೆಲ್ಲ ನಾನು ತೊಳೆದಿದೀನಿ,” ಎಂದರು. “ನನ್ನಪ್ಪನ್ನ ತೊಳೆದೆ. ನಿಮ್ಮಮ್ಮನ್ನ ನಾನೇ ತೊಳೆದೆ, ಬೇರೆಯವರಿಗೆ ಕೊಡ್ಲಿಲ್ಲ. ನನ್ನ ಯಾರು ತೊಳೀತಾರೆ? ಆ ಪರ್ವಿಸ್ಸಾ?”

ಅವರ ಕಣ್ಣಿನಲ್ಲಿ ಭಯ ಇತ್ತು. ಅಷ್ಟು ಹೆಣ ಕಂಡ ಮನುಷ್ಯನ ಕಣ್ಣಿನಲ್ಲಿ ಅಂಥ ಭಯ ಇರುತ್ತದೆ ಎಂದು ನಾನೆಣಿಸಿರಲಿಲ್ಲ.

ಡೀಲಿಯಾ ಅವರ ಮುಂದೆ ಮಂಡಿಯೂರಿದಳು. “ನಾನೇ ತೊಳೀತೀನಿ. ಎಲ್ಲೇ ಇದ್ರೂ ಬರ್ತೀನಿ. ನೀವು ಸತ್ತ ದಿನ ಬರ್ತೀನಿ ಅಪ್ಪ, ದೇವರಾಣೆ. ನೀವು ಬದುಕಿರೋವಾಗ ನನ್ನ ಬಿಡಿ.”

ಅವರು ಮಗಳ ಮುಖ ನೋಡಿದರು, ಆಮೇಲೆ ಕಿಟಕಿಯ ಕಡೆ ತಿರುಗಿದರು.

“ಕಾಫಿ ಆರ್ಹೋಯ್ತು,” ಎಂದರು.

ಅವಳು ಎದ್ದು ಕಾಫಿ ಬಿಸಿಮಾಡಿ ಕೊಟ್ಟಳು.

ಯಾರೂ ಅವಳನ್ನು ಕಟ್ಟಿಹಾಕಿರಲಿಲ್ಲ, ನಿಜ. ಕಾರಿನ ಬೀಗದ ಕೈ ಮೊಳೆಯಲ್ಲೇ ನೇತಾಡುತ್ತಿತ್ತು. ಆದರೆ ಮರುವಾರ ಒಂದು ಸಾವು, ಅದರ ಮರುವಾರ ಎರಡು. ಬಂದವರೆಲ್ಲ ಗೊತ್ತಿದ್ದವರೇ. ಟೆಕ್ಸಾಸಿನ ದೊಡ್ಡ ಕಂಪನಿಯೊಂದು ಮನೆ ಕೊಳ್ಳುತ್ತೇನೆಂದು ಜನ ಕಳಿಸಿತು. ಲಿಯಾಂಡರ್ ಸ್ಟಾಲ್‌ವರ್ತ್ ಬಾಯಲ್ಲಿ ಎಲ್ಲ ಪದವೂ ತೊದಲುತ್ತಿದ್ದರೂ ಅವತ್ತಿನ ಬೈಗುಳ ಒಂದೂ ತೊದಲಲಿಲ್ಲವಂತೆ. ಆ ಚಳಿಗಾಲದಲ್ಲಿ ಫ್ಲೂ ಬಂದು ಮುದುಕರು ಸಾಲಾಗಿ ಹೋದರು. ಡೀಲಿಯಾ ಪರೀಕ್ಷೆಗೆ ಬರಲಿಲ್ಲ. ಕಾಲೇಜು ರಜೆ ಕೊಟ್ಟಿತು, ಮತ್ತೆ ಅವಧಿ ವಿಸ್ತರಿಸಿತು. ಇಷ್ಟು ವರ್ಷದೊಳಗೆ ಪದವಿ ಮುಗಿಸಬೇಕು ಎಂಬ ನಿಯಮ ಎದುರು ನಿಂತಾಗ ಸಂಘದವರೆಲ್ಲ ಗುಂಪಾಗಿ ಡೀನರ ಬಳಿ ಹೋದೆವು. ನಾನು ಆಗಲೇ ವಕೀಲಳಾಗಿದ್ದೆ, ಕೆಲಸ ಬಿಟ್ಟು ಬಂದಿದ್ದೆ. ಡೀನರು ಕೂರಿಸಿ ಮಾತಾಡಿಸಿದರು, ಮರುಗಿದರು, ಇನ್ನೊಂದು ವರ್ಷ ಕೊಟ್ಟರು. ಆ ವರ್ಷವೂ ಹಾಗೆಯೇ ಹೋಯಿತು. ಪದವಿಗೆ ಒಂದೇ ಒಂದು ವರ್ಷದ ಓದು ಬಾಕಿ ಇತ್ತು.

ತಂದೆ ಗಾಲಿಕುರ್ಚಿಯಲ್ಲೇ ಹತ್ತು ವರ್ಷಕ್ಕೂ ಮೇಲೆ ಬದುಕಿದರು. ಅವರು ಹೋದ ದಿನ ಡೀಲಿಯಾ ಕೋಣೆಯ ಬಾಗಿಲು ಹಾಕಿಕೊಂಡು ಯಾರನ್ನೂ ಒಳಗೆ ಬಿಡಲಿಲ್ಲ. ಕೊಟ್ಟ ಮಾತಿನಂತೆ ತಾನೇ ತೊಳೆದು, ಕೋಟು ತೊಡಿಸಿ, ಹೊರಗೆ ಬಂದಳು. ಅಂಗಳದಲ್ಲಿ ನಿಂತ ಜನರೆಲ್ಲ, “ಪಾಪ, ಇನ್ನು ಅವಳು ಸ್ವತಂತ್ರ,” ಎಂದು ಮಾತಾಡಿಕೊಂಡರು. ನಾನೂ ಹಾಗೆಯೇ ಅಂದುಕೊಂಡೆ.

ಮಣ್ಣಾದ ಕೆಲವು ವಾರಕ್ಕೆ ಅವಳು ಕಾಲೇಜಿಗೆ ಹೋದಳು. ಕಚೇರಿಯಲ್ಲಿದ್ದ ಹೆಂಗಸು ಒಳ್ಳೆಯ ಮಾತಿನಲ್ಲೇ ಹೇಳಿದಳಂತೆ, ಓದಿದ್ದೆಲ್ಲ ಹಳತಾಯಿತು, ಲೆಕ್ಕಕ್ಕೆ ಬರುವುದಿಲ್ಲ, ಮೊದಲ ವರ್ಷದಿಂದ ಶುರುಮಾಡಬೇಕು ಎಂದು. ಆಗ ಅವಳಿಗೆ ನಲವತ್ತು ದಾಟಿತ್ತು.

“ಏನ್ಮಾಡ್ದೆ?” ಎಂದು ಕೇಳಿದೆ.

“ಕಾರಲ್ಲಿ ಕೂತು ಒಂದು ಕಿತ್ತಳೆ ಹಣ್ಣು ತಿಂದೆ. ವಾಪಸ್ ಬಂದೆ,” ಎಂದಳು. “ಚಿಕ್ಕಪ್ಪನಿಗೆ ವಯಸ್ಸಾಯ್ತು. ಕೆಲಸಕ್ಕೆ ಇಬ್ಬರು ಹೆಂಗಸರಿದ್ದಾರೆ, ಅವರ ಮನೆ ನಡೀಬೇಕು. ಅಪ್ಪ ಹೋದ್ರು ಕಣೇ. ಮನೆ ಹೋಗ್ಲಿಲ್ಲ.”

ಆದರೆ ಸಂಘ ಅವಳನ್ನು ಬಿಡಲಿಲ್ಲ, ಅವಳೂ ಸಂಘವನ್ನು ಬಿಡಲಿಲ್ಲ. ಸ್ಪರ್ಧೆಗೆ ಮೊದಲು ಟಲ್ಲೋಸಾಕ್ಕೆ ಹೋಗಿ ಡೀಲಿಯಾಳ ಮುಂದೆ ವಾದಿಸಿ ಬೈಸಿಕೊಂಡು ಬರುವುದು ಹುಡುಗರಿಗೆ ರೂಢಿಯಾಯಿತು. ಅದೇ ಹಿಂದಿನ ಕೋಣೆ, ಅವೇ ಪೆಟ್ಟಿಗೆಗಳ ಸಾಲು. ಗೆದ್ದು ಹೋದವರು ಈಗ ಎಷ್ಟೋ ಕಡೆ ನ್ಯಾಯಾಧೀಶರಾಗಿದ್ದಾರೆ. ಹಾಗಾಗಿ ಕೆಲವು ವರ್ಷಗಳ ಹಿಂದೆ ಬರ್ಮಿಂಗ್‌ಹ್ಯಾಮಿನಲ್ಲಿ ಸಂಘದ ಸಮಾವೇಶ ನಡೆದಾಗ ಮಧ್ಯಾಹ್ನದ ಊಟದ ಹೊತ್ತಿಗೆ ಅವಳಿಗೊಂದು ಸನ್ಮಾನ ಇಟ್ಟೆವು. ಥ್ಯಾಡಿಯಸ್ ಬಂದಿದ್ದ, ಹೊಟ್ಟೆಯೂ ಬಂದಿತ್ತು. ಎದ್ದು ಮಾತಾಡಿದ. ತ್ಯಾಗ ಎಂದ, ಮಗಳೆಂದರೆ ಹೀಗಿರಬೇಕು ಎಂದ. ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟಿತು.

ಡೀಲಿಯಾ ಎದ್ದು ನಿಂತು ಚಪ್ಪಾಳೆ ಮುಗಿಯುವವರೆಗೆ ಕಾದಳು.

“ಥ್ಯಾಡಿಯಸ್ ಒಳ್ಳೇ ಮನುಷ್ಯ,” ಎಂದಳು. “ಆದ್ರೆ ಅವನು ಹೇಳಿದ್ದು ನನ್ನ ಕಥೆ ಅಲ್ಲ. ನಾನು ಏನನ್ನೂ ತ್ಯಾಗ ಮಾಡ್ಲಿಲ್ಲ. ತ್ಯಾಗ ಅಂದ್ರೆ ಕೈಯಾರೆ ಕೊಡೋದು. ನನ್ನ ಕೈಯಿಂದ ಕಿತ್ಕೊಂಡ್ರು, ನಾನು ಗಟ್ಟಿಯಾಗಿ ಹಿಡ್ಕೊಳ್ಳಲಿಲ್ಲ. ಅಪ್ಪನ ಮೇಲೆ ಪ್ರೀತಿ ಇತ್ತು, ಸಿಟ್ಟೂ ಇತ್ತು, ಎರಡೂ ಈಗ್ಲೂ ಇದೆ. ನಾನು ವಕೀಲೆ ಆಗ್ಬೇಕಿತ್ತು. ಆಗ್ಲಿಲ್ಲ. ದಯವಿಟ್ಟು ಅದಕ್ಕೆ ಚಪ್ಪಾಳೆ ತಟ್ಬೇಡಿ.”

ಅಷ್ಟು ಹೇಳಿ ಕೂತುಬಿಟ್ಟಳು. ಥ್ಯಾಡಿಯಸ್ ತಲೆ ತಗ್ಗಿಸಿದ.

ಆಗ ದೂರದ ಮೇಜಿನಿಂದ ಒಬ್ಬ ಹುಡುಗಿ ಎದ್ದಳು. ಕಿಯಾಂಡ್ರಾ ಮೋಸ್ಲಿ ಎಂದು ಹೆಸರು, ಕೊನೆಯ ವರ್ಷದವಳು. “ಮಿಸ್ ಆರ್ಡೀಲಿಯಾ, ನಮ್ಮಮ್ಮನಿಗೆ ಮರೆವಿನ ಕಾಯಿಲೆ. ಬಾಗಿಲು ತೆಗೆದು ಎಲ್ಲಿಗೋ ಹೊರಟುಬಿಡ್ತಾರೆ. ನಾನು ಈ ತಿಂಗಳು ಓದು ಬಿಟ್ಟು ಮನೆಗೆ ಹೋಗ್ತಿದೀನಿ. ಹೋಗ್ಬಾರ್ದಾ?”

“ನನ್ನ ಕೇಳ್ತೀಯಲ್ಲ ಮಗಾ, ಇದರಲ್ಲಿ ಸೋತವಳು ನಾನು,” ಎಂದಳು ಡೀಲಿಯಾ. “ಪರೀಕ್ಷೆ ಯಾವಾಗ?”

“ಮುಂದಿನ ತಿಂಗಳ ಮೊದಲನೇ ವಾರ.”

“ಅಮ್ಮನ ಜೊತೆ ಇರೋಕೆ ಬೇರೆ ಯಾರಿದಾರೆ?”

“ಯಾರೂ ಇಲ್ಲ.”

“ನಾನು ಬರ್ತೀನಿ,” ಎಂದಳು. “ನೀನು ಕಾಲೇಜಲ್ಲೇ ಇದ್ದು ಪರೀಕ್ಷೆ ಬರಿ.”

ಸುಮ್ಮನೆ ಸಭೆಗೆ ಹೇಳಿದ ಮಾತು ಎಂದುಕೊಂಡೆವು. ಆದರೆ ಆ ವಾರ ಬಂದಾಗ ಅವಳು ಸ್ಟಾಲ್‌ವರ್ತ್ ಮನೆಯ ಬಾಗಿಲಿಗೆ ಬೀಗ ಹಾಕಿದಳು. ಆ ಮನೆ ಕಟ್ಟಿದಂದಿನಿಂದ ಅದಕ್ಕೆ ಬೀಗ ಬಿದ್ದದ್ದು ಅದೇ ಮೊದಲು. ಮುಪ್ಪಿನಲ್ಲಿ ಬಗ್ಗಿಹೋಗಿದ್ದ ರೂಫಸ್ ಕೋಲೂರಿಕೊಂಡು ಬಂದು ಕಾರಿಗೆ ಅಡ್ಡ ನಿಂತರಂತೆ.

“ತಲೆ ಕೆಟ್ಟಿದೆಯೇನೇ ನಿಂಗೆ? ಯಾರಾದ್ರೂ ಸತ್ರೆ ಏನು ಗತಿ?”

“ಸ್ವಲ್ಪ ಕಾಯೋಕೆ ಹೇಳಿ ಚಿಕ್ಕಪ್ಪ.”

ಆ ವಾರ ಇಬ್ಬರು ಸತ್ತರು. ಒಬ್ಬರನ್ನು ಪಕ್ಕದ ಕೌಂಟಿಗೆ ಒಯ್ದರು. ಇನ್ನೊಬ್ಬರ ಮನೆಯವರು ಬೀಗ ನೋಡಿ ಬಯ್ದುಕೊಂಡು ಹಳಿ ಆಚೆಗೆ ಹೋದರು. ಆಕಾಶ ಬೀಳಲಿಲ್ಲ. ಆದರೆ ಆ ಮನೆಯವರು ಇವತ್ತಿಗೂ ಚರ್ಚಿನಲ್ಲಿ ಡೀಲಿಯಾಳಿಗೆ ಮುಖ ಕೊಡುವುದಿಲ್ಲ.

ಕಿಯಾಂಡ್ರಾ ಪರೀಕ್ಷೆ ಬರೆದಳು, ಪಾಸಾದಳು. ಈಗ ಮಾಂಟ್‌ಗಮರಿಯಲ್ಲಿ ವಕೀಲಿ ಮಾಡುತ್ತಿದ್ದಾಳೆ, ತಾಯಿಯನ್ನು ಜೊತೆಗೇ 	ಇಟ್ಟುಕೊಂಡಿದ್ದಾಳೆ. ಪರೀಕ್ಷೆಯ ಕಾಲದಲ್ಲಿ ಇಂಥ ಮನೆಗಳಿಗೆ ಹೋಗಿ ಕೂರುವವರನ್ನು ಸಂಘ ಈಗ ಪ್ರತಿ ಸಲವೂ ಕಳಿಸುತ್ತದೆ. ನಾನೂ ಒಂದೆರಡು ಸಲ ಹೋಗಿದ್ದೇನೆ. ಡೀಲಿಯಾ ಟಲ್ಲೋಸಾದಲ್ಲೇ ಇದ್ದಾಳೆ. ಬಾಗಿಲು ಮತ್ತೆ ತೆರೆದಿದೆ.

ಆ ವಾರ ಕಳೆದು ಅವಳು ಊರಿಗೆ ಮರಳಿದ ಮೇಲೆ ನಾನು ಹೋಗಿದ್ದೆ. ಅಡಿಗೆಕೋಣೆಯಲ್ಲಿ ಬಟಾಣಿ ಬಿಡಿಸುತ್ತ ಕೂತಿದ್ದಳು.

“ಹೇಗಿತ್ತೇ ಅಲ್ಲಿ?” ಎಂದೆ.

“ಹೇಗಿರುತ್ತೆ? ಮುದುಕಿ ದಿನಕ್ಕೆ ನೂರು ಸಲ ಬಾಗಿಲ ಹತ್ರ ಹೋಗ್ತಿದ್ರು, ನಾನು ನೂರು ಸಲ ಕರ್ಕೊಂಡು ಬರ್ತಿದ್ದೆ. ಬೇರೆಯವರ ಮನೇಲಿ ಕೂತಿದ್ದೆ, ಅಷ್ಟೇ.” ಒಂದು ಕಾಯಿ ಸುಲಿದು ಬಟ್ಟಲಿಗೆ ಉದುರಿಸಿದಳು. “ಕಿಟಕಿಯಿಂದ ಬೇರೆ ಬೀದಿ ಕಾಣ್ತಿತ್ತು ಕಣೇ.”